ಫೋನಿನ ಗಂಟೆಯೊಂದೇ ಸಾಲದು

ಎಚ್‌ಐವಿ ತಗಲದಂತೆ ದಿನಾ ನುಂಗುವ ಪ್ರೆಪ್ ಮಾತ್ರೆಯನ್ನು ಮೇಲಿಂದ ಮೇಲೆ ತಪ್ಪಿಸಿದರೆ ರಕ್ಷಣೆ ಕುಗ್ಗುತ್ತದೆ. ನೆನಪಿಸಲು ಮೊಬೈಲ್ ಆ್ಯಪ್ ಸಾಲದೇ ಎಂದು ನಮ್ಮ ಸದಸ್ಯರು ಕೇಳುತ್ತಾರೆ. ಸೋಂಕಿತರ ಔಷಧಿಯ ವಿಷಯದಲ್ಲಿ ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. 631 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡು ವರ್ಷ ವಾರವಾರ ಕರೆ, ಚಿತ್ರಸಂದೇಶ. 2014ರಲ್ಲಿ ಪ್ರಕಟವಾದ ಫಲಿತಾಂಶ: ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಭೋಸರಿ ಕಡೆ ಒಂದೇ ಖೋಲಿಯಲ್ಲಿ ಐದಾರು ಜನ ಇರುವ ನಮ್ಮ ಹುಡುಗರಿಗೆ ಮರೆವಿಗಿಂತ ಅಂಜಿಕೆ ದೊಡ್ಡದು. ಪರದೆಯ ಮೇಲೆ ಮಾತ್ರೆಯ ಹೆಸರು ಮೂಡಿದರೆ ಮುಗೀತು! ಆ್ಯಪ್ ಇರಲಿ, ‘ಊಟ ಆಯ್ತಾ?’ ಎಂದಷ್ಟೇ ಕೇಳಲಿ. ನಿಮ್ಮ ದೇಣಿಗೆ ಮಾತ್ರೆಗೆ, ರಕ್ತಪರೀಕ್ಷೆಗೆ, ಕನ್ನಡದಲ್ಲಿ ಮಾತಾಡಿಸುವ ಆಪ್ತಸಮಾಲೋಚಕರಿಗೆ ಹೋಗಲಿ ಎಂಬುದು ನನ್ನ ಕೋರಿಕೆ. ರಸೀದಿ ಪುಸ್ತಕ ಸಂಘದ ಕಚೇರಿಯಲ್ಲಿದೆ. ಮಾಹಿತಿ ಬೇಕಾದವರು 1097ಕ್ಕೆ ಕರೆ ಮಾಡಿ, ಉಚಿತ.