ಕಾಲೂರಿ ನಿಂತ ಧಕ್ಕೆ



ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ನಿಮ್ಮಲ್ಲಿ ಕಡಲನ್ನು ಕಣ್ಣಾರೆ ಕಂಡವರು ಕಡಿಮೆ ಇರಬಹುದು. ಆದರೂ ಇಂದು ಕಡಲ ದಂಡೆಯ ಒಂದು ಹಳೆಯ ಧಕ್ಕೆಯ ವಿಷಯ ಹೇಳುತ್ತೇನೆ. ಸರಕು ಏರಿಸಿ ಇಳಿಸಲು ದಡದಿಂದ ನೀರಿನೊಳಕ್ಕೆ ಚಾಚಿದ, ಸೇತುವೆಯಂಥ ಕಟ್ಟಡವನ್ನು ನಮ್ಮ ಕರಾವಳಿಯವರು ಧಕ್ಕೆ ಎನ್ನುತ್ತಾರೆ. ನಾನು ಹೇಳುವ ಧಕ್ಕೆ ಇದ್ದದ್ದು ಮದರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ. ಆ ಊರಿಗೂ ನಿಮ್ಮ ಜಿಲ್ಲೆಗೂ ಹಳೆಯ ನಂಟಿದೆ. ಮದರಾಸಿನ ಕಡೆಯಿಂದ ಮತ್ತು ಮುಂಬಯಿಯ ಕಡೆಯಿಂದ ಬಂದ ರೈಲು ಹಳಿಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ.

ಮದರಾಸಿಗೆ ಸಹಜ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಜನರನ್ನೂ ಸರಕನ್ನೂ ಮಸೂಲಾ ದೋಣಿಗಳು ಅಲೆಗಳ ನಡುವೆ ದಡಕ್ಕೆ ತರುತ್ತಿದ್ದವು. ಈ ದೋಣಿಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಅಲೆ ಅಪ್ಪಳಿಸಿದಾಗ ದೋಣಿ ಒಡೆಯದೆ ಬಾಗಿಕೊಳ್ಳಲಿ ಎಂಬುದೇ ಇದರ ಉದ್ದೇಶ.

1861ರಲ್ಲಿ ಅಲ್ಲಿ ಸುಮಾರು 1,100 ಅಡಿ ಉದ್ದದ ಕಬ್ಬಿಣದ ಧಕ್ಕೆ ಸಿದ್ಧವಾಯಿತು. ಅದರ ಕಂಬಗಳ ತುದಿಯಲ್ಲಿ ತಿರುಪಿನಂಥ ಅಲಗು ಇತ್ತು. ತಿರುಪನ್ನು ಮರಕ್ಕೆ ತಿರುಗಿಸುವಂತೆ ಕಂಬಗಳನ್ನು ಮರಳಿಗೆ ತಿರುಗಿಸಿ ಇಳಿಸಬೇಕು. ಈ ವಿಧಾನವನ್ನು ಕಂಡುಹಿಡಿದ ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ದೃಷ್ಟಿ ಕಳೆದುಕೊಂಡಿದ್ದ ಎಂಜಿನಿಯರು! ಆದರೆ 1868 ಮತ್ತು 1872ರ ಬಿರುಗಾಳಿಗಳಿಗೆ ಸಿಕ್ಕಿ ಧಕ್ಕೆ ಮುರಿಯಿತು.

ಕಂಬಗಳ ಬದಲು ಗೋಡೆಯನ್ನೇ ಕಟ್ಟಿದರಾಯಿತು ಎಂದು ಆಳುವವರು ತೀರ್ಮಾನಿಸಿದರು. 1876ರ ಹೊತ್ತಿಗೆ ಅಲೆಗಳನ್ನು ತಡೆಯುವ ಗೋಡೆಗಳ ಕೆಲಸ ಆರಂಭವಾಯಿತು. 1881ರ ನವೆಂಬರ್ ಚಂಡಮಾರುತ ಅವುಗಳಿಗೆ ಭಾರಿ ಹಾನಿ ಮಾಡಿತು. ಮತ್ತೆ ಕಟ್ಟಿದರು. ಬಂದರು ನಿಂತಿತು.

ನಿಜವಾದ ಪಾಠ ಇರುವುದು ಇಲ್ಲಿಂದ ಮುಂದೆ. ಆ ತೀರದಲ್ಲಿ ವರ್ಷದ ಬಹುಕಾಲ ಅಲೆಗಳು ಓರೆಯಾಗಿ ಬಂದು ಬಡಿಯುತ್ತವೆ. ಬಡಿಯುತ್ತಾ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಧಕ್ಕೆಯ ಕಂಬಗಳ ಸಂದಿಯಲ್ಲಿ ಆ ಮರಳು ಹರಿದುಹೋಗುತ್ತಿತ್ತು. ಗೋಡೆ ಅದನ್ನು ತಡೆಯಿತು. ದಕ್ಷಿಣಕ್ಕೆ ಮರಳು ಸೇರಿ ದಂಡೆ ಅಗಲವಾಯಿತು. ಅದೇ ಇಂದಿನ ಮರೀನಾ ಕಡಲತೀರ. ಉತ್ತರದ ರಾಯಪುರಂ ಕಡೆಗೆ ಮರಳು ಬರುವುದು ನಿಂತಿತು. ಅಲ್ಲಿ ಕಡಲು ನೆಲವನ್ನೇ ಕೊರೆಯಿತು. ಒಂದು ಊರಿನವರಿಗೆ ವಿಹಾರದ ಜಾಗ ಸಿಕ್ಕಿತು, ಪಕ್ಕದ ಮೀನುಗಾರರ ದಂಡೆ ಹೋಯಿತು. ಎರಡಕ್ಕೂ ಕಾರಣ ಒಂದೇ ಗೋಡೆ.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಸಿಂಧನೂರಿನ ಭತ್ತದ ಗದ್ದೆಗೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಹೊಳೆ ನೀರನ್ನಷ್ಟೇ ಹೊತ್ತು ತರುವುದಿಲ್ಲ, ಮಣ್ಣನ್ನೂ ತರುತ್ತದೆ. ಅಣೆಕಟ್ಟು ನೀರನ್ನು ನಿಲ್ಲಿಸಿದಾಗ ಮಣ್ಣೂ ತಳಕ್ಕಿಳಿಯುತ್ತದೆ. 1953ರಲ್ಲಿ ನೀರು ಕೊಡತೊಡಗಿದ ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಅಂದರೆ ಐದರಲ್ಲಿ ಒಂದು ಪಾಲನ್ನು ಹೂಳು ನುಂಗಿದೆ. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಇದರ ಬಿಸಿ ಮೊದಲು ತಟ್ಟುತ್ತದೆ.

ಹಾಗೆಂದು ಅಣೆಕಟ್ಟು ಬೇಡ, ಬಂದರು ಬೇಡ ಎನ್ನಲಾಗದು. ಎರಡೂ ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿವೆ. ಆದರೆ ನೀರಿಗೆ ಅಡ್ಡ ಕಟ್ಟುವ ಮೊದಲು, ಆ ನೀರು ಏನನ್ನು ಹೊತ್ತು ತರುತ್ತಿದೆ, ಅದು ಎಲ್ಲಿ ನಿಲ್ಲುತ್ತದೆ, ಯಾರಿಗೆ ತಪ್ಪುತ್ತದೆ ಎಂದು ಕೇಳಲೇಬೇಕು.

ಮನೆಯಲ್ಲೊಂದು ಪ್ರಯೋಗ ಮಾಡಿ ನೋಡಿ. ಅಗಲವಾದ ಒಂದು ತಟ್ಟೆಯನ್ನು ತುಸು ಓರೆಯಾಗಿಡಿ. ಒಂದು ಸಲ ನಡುವೆ ಅಲ್ಲಲ್ಲಿ ಸಣ್ಣ ಹರಳುಗಳನ್ನಿಟ್ಟು ಮಣ್ಣು ಕಲಸಿದ ನೀರು ಹರಿಸಿ. ಇನ್ನೊಂದು ಸಲ ಪಟ್ಟಿಯೊಂದನ್ನು ಅಡ್ಡಲಾಗಿಟ್ಟು ಹರಿಸಿ. ಎರಡೂ ಸಲ ಮಣ್ಣು ನಿಂತದ್ದೆಲ್ಲಿ ಎಂದು ಬರೆದಿಡಿ. ನಾಳೆ ನಿಮ್ಮಲ್ಲೇ ಯಾರೋ ಎಂಜಿನಿಯರ್ ಆಗುತ್ತೀರಿ. ಆಗ ನಿಮಗೆ ಈ ತಟ್ಟೆ ನೆನಪಾಗಲಿ.