ನನ್ನ 10 ಎಲ್ಲಿಂದ ಬಂತು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು ಮನಸ್ಸಲ್ಲೇ ಉತ್ತರ ಹೇಳಿ. ಮೊದಲ ಸಾಲಲ್ಲಿ ಎ ಈಕ್ವಲ್ ಟು 5 ಅಂತ ಬರೆದೆ. ಎರಡನೇ ಸಾಲು, ಬಿ ಈಕ್ವಲ್ ಟು ಎ. ಮೂರನೇ ಸಾಲಲ್ಲಿ ಎ ಈಕ್ವಲ್ ಟು 10. ಈಗ ಬಿ ಎಷ್ಟು?

ಬಿ.ಕಾಂ ಮುಗಿಸಿ ಸಂಜೆ ಪೈಥಾನ್ ಕ್ಲಾಸಿಗೆ ಸೇರಿದ್ದಾಗ ನಾನು ಹೇಳಿದ್ದು 10. ಸರಿ ಉತ್ತರ 5. ಮೇಷ್ಟ್ರು "ತಪ್ಪು, ರನ್ ಮಾಡಿ ನೋಡಿ" ಅಂದವರೇ ಮುಂದಿನ ಸ್ಲೈಡಿಗೆ ಹೋದ್ರು. ಇಂಥವೇ ನಾಲ್ಕೈದು ಆದ ಮೇಲೆ, ಮೂರನೇ ವಾರಕ್ಕೆ ನಾನು ಕ್ಲಾಸೇ ಬಿಟ್ಟೆ. ಫೀಸು ಕಟ್ಟಿದ್ದು ಅಪ್ಪ. "ಕಾಮರ್ಸ್‌ನವರ ತಲೆಗೆ ಇದೆಲ್ಲ ಹತ್ತಲ್ಲಪ್ಪ" ಅಂತ ಅವರಿಗೆ ನಾನೇ ಹೇಳಿಬಿಟ್ಟೆ.

ಆ 10 ಎಲ್ಲಿಂದ ಬಂತು ಅಂತ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಎಕ್ಸೆಲ್‌ನಿಂದ! ಅಲ್ಲಿ ಒಂದು ಸೆಲ್‌ಗೆ ಈಕ್ವಲ್ ಟು ಎ1 ಅಂತ ಕೊಟ್ರೆ, ಎ1 ಬದಲಾದಾಗೆಲ್ಲ ಅದೂ ಬದಲಾಗುತ್ತೆ. ಪೈಥಾನ್‌ನಲ್ಲಿ ಹಾಗಲ್ಲ. ಆ ಸಾಲು ಓಡಿದಾಗ ಎ ಎಷ್ಟಿತ್ತೋ ಅಷ್ಟೇ ಬಿಗೆ ಸಿಗೋದು; ಆಮೇಲೆ ಎ ಹತ್ತಾದ್ರೂ ಬಿಗೆ ಸುದ್ದಿನೇ ಮುಟ್ಟಲ್ಲ. ಅಂದ್ರೆ ನಾನು ದಡ್ಡಿಯಾಗಿರಲಿಲ್ಲ, ಬೇರೆ ಊರಿನ ನಿಯಮ ತಂದಿದ್ದೆ. ಯಾಕೆ 10 ಅಂತ ಒಬ್ಬರು ಕೇಳಿದ್ರೆ ಎರಡು ನಿಮಿಷದ ಮಾತು.

ಹೀಗೆ ಎಡವೋದು ನಾನೊಬ್ಬಳೇ ಅಲ್ಲ. 15 ದೇಶಗಳ 161 ಆರಂಭಿಕ ಪ್ರೋಗ್ರಾಮಿಂಗ್ ಕೋರ್ಸುಗಳ ಫಲಿತಾಂಶ ಒಟ್ಟು ಹಾಕಿದ ಒಂದು ಅಧ್ಯಯನ 2014ರಲ್ಲಿ ಬಂತು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಪಾಸಾಗಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಲ್ಲಿ ಕೆಲವು ಮೇಷ್ಟ್ರುಗಳು ಬೇರೆ ದಾರಿ ಹಿಡಿದ್ರು. ಪ್ರಶ್ನೆ ಹಾಕಿ, ಮೊದಲು ಒಬ್ಬೊಬ್ಬರೇ ಓಟು ಹಾಕಬೇಕು. ಆಮೇಲೆ ಪಕ್ಕದವರ ಜೊತೆ ವಾದ, ಮತ್ತೆ ಓಟು. ಮೇಷ್ಟ್ರು ವಿವರಿಸೋದು ಕೊನೆಗೆ. ಅವರು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಾಲ್ಕು ಕಂಪ್ಯೂಟರ್ ಕೋರ್ಸುಗಳಲ್ಲಿ ಫೇಲಾಗೋರ ಪ್ರಮಾಣ ಸರಾಸರಿ ಶೇ. 20ರಿಂದ ಶೇ. 7ಕ್ಕೆ ಇಳಿದಿತ್ತು. ಒಂದೇ ಕ್ಯಾಂಪಸ್ಸಿನ ಲೆಕ್ಕ, ಒಪ್ಕೋತೀನಿ. ಅಲ್ಲಿ ಓಟಿಗೆ ರಿಮೋಟಿನಂಥ ಕ್ಲಿಕ್ಕರ್ ಕೊಡ್ತಿದ್ರು. ನಮ್ಮಲ್ಲಿ ಬೆರಳೆತ್ತಿದ್ರೂ ಸಾಕಪ್ಪ.

ನನ್ನ ತಂಗಿ ಈಗ ಬಿಸಿಎ ಮೊದಲ ಸೆಮಿಸ್ಟರ್. ಮೊನ್ನೆ ಅವಳಿಗೂ ಇದೇ ಪ್ರಶ್ನೆ ಕೇಳಿದೆ. "ಎರರ್ ಬರುತ್ತೆ" ಅಂದಳು.

"ಯಾಕೆ?"

"ಎ 5 ಅಂತ ಆಗಲೇ ಹೇಳಾಯ್ತಲ್ಲ ಅಕ್ಕ. ಮತ್ತೆ 10 ಹೇಗಾಗುತ್ತೆ? ಗಣಿತದಲ್ಲಿ ಹಂಗೆ ಬರೆದ್ರೆ ಸೊನ್ನೆ ಹಾಕ್ತಾರೆ."

ಪಾಯಿಂಟೇ! ಲ್ಯಾಪ್‌ಟಾಪ್ ತೆಗೆಯೋ ಮುಂಚೆ ಅರ್ಧ ಗಂಟೆ ಜಗಳ ಆಡಿದ್ವಿ. ಅಪ್ಪ ಟಿವಿ ಸೌಂಡ್ ಕಮ್ಮಿ ಮಾಡಿ, "ಅದ್ಯಾರದು ಬಿ?" ಅಂತ ಕೇಳಿದ್ರು.