ಕುದುರೆಯನ್ನು ಬಲ್ಲ ಹುಡುಗಿ



ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ನೆಲೆಗೊಂಡದ್ದು ಸೈನ್ಯಕ್ಕಾಗಿ. ಸೈನ್ಯದ ಜೊತೆಗೆ ಕುದುರೆ ಬಂತು, ಲಾಯ ಬಂತು. ಮುಂದೆ ಶಿವಾಜಿನಗರ, ಹಲಸೂರುಗಳ ಬೀದಿಗಳಲ್ಲಿ ಜಟಕಾಗಳು ಬಹುಕಾಲ ಓಡಾಡಿದವು. ಆ ಕಾಲದ ಒಬ್ಬ ಜಟಕಾದವನ ಮಗಳನ್ನು ತರಗತಿಯಲ್ಲಿ ಎಬ್ಬಿಸಿ, ಕುದುರೆ ಎಂದರೇನು, ಲಕ್ಷಣ ಹೇಳು ಎಂದು ಮೇಷ್ಟ್ರು ಕೇಳಿದ್ದರೆ ಅವಳೇನು ಹೇಳುತ್ತಿದ್ದಳು? ದಿನವೂ ಅದಕ್ಕೆ ಹುರುಳಿ ತಿನ್ನಿಸಿದವಳು ಅವಳು. ಆದರೆ ಲಕ್ಷಣ?

ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಬರೆದ 'ಹಾರ್ಡ್ ಟೈಮ್ಸ್' ಕಾದಂಬರಿಯ ಆರಂಭದಲ್ಲೇ ಈ ಪ್ರಶ್ನೆಯಿದೆ. ಉತ್ತರಿಸಲಾಗದೆ ತಬ್ಬಿಬ್ಬಾಗುವ ಹುಡುಗಿ ಸಿಸಿ ಜೂಪ್, ಊರೂರು ಅಲೆಯುವ ಸರ್ಕಸ್ಸಿನವಳು. ಬಿಟ್ಜರ್ ಎಂಬ ಹುಡುಗ ಮಾತ್ರ ನಾಲ್ಕು ಕಾಲು, ನಲವತ್ತು ಹಲ್ಲು ಎಂದು ಗಿಳಿಪಾಠ ಒಪ್ಪಿಸುತ್ತಾನೆ. ಶಾಲೆಯ ಯಜಮಾನ ಗ್ರಾಡ್‌ಗ್ರೈಂಡ್‌ಗೆ ಬೇಕಾದದ್ದೂ ಅದೇ. ಅಂಕಿ-ಅಂಶ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ.

ಆಧುನಿಕ ಸರ್ಕಸ್ ಹುಟ್ಟಿದ್ದೇ ಕುದುರೆಯ ಬೆನ್ನ ಮೇಲೆ. ಅಶ್ವದಳದಲ್ಲಿದ್ದ ಫಿಲಿಪ್ ಆಸ್ಟ್‌ಲಿ 1768ರಲ್ಲಿ ಲಂಡನ್ನಿನಲ್ಲಿ ಸವಾರಿ ಪ್ರದರ್ಶನ ಆರಂಭಿಸಿದ. ಕುದುರೆ ವರ್ತುಲಾಕಾರವಾಗಿ ಓಡುತ್ತಿದ್ದರೆ, ಸವಾರ ಒಳಕ್ಕೆ ವಾಲಿ ಬೆನ್ನ ಮೇಲೆ ನಿಲ್ಲಬಹುದು. ಸರ್ಕಸ್ಸಿನ ಅಂಗಳ ಇಂದಿಗೂ ದುಂಡಗಿರುವುದಕ್ಕೆ ಮೂಲ ಅಲ್ಲಿದೆ.

ಇದನ್ನು ಪೂರ್ತಿಯಾಗಿ ಸರ್ಕಸ್ ಕಾದಂಬರಿ ಎನ್ನಲಾಗದು. ನಡುವಿನ ಬಹುಭಾಗ ಕಾರ್ಖಾನೆಯ ಹೊಗೆಯಲ್ಲೇ ಕಳೆಯುತ್ತದೆ. ಆದರೂ ಡೇರೆಯ ಬದುಕಿನ ಪ್ರೀತಿಯನ್ನು ಇಷ್ಟು ಚೆನ್ನಾಗಿ ಹಿಡಿದ ಪುಟಗಳು ಕಡಿಮೆ. ಪ್ರೀತಿ ಎಂದೊಡನೆ ನೀವು ನಾಯಕ-ನಾಯಕಿಯರನ್ನು ಹುಡುಕಬೇಡಿ. ಸಿಸಿಯ ತಂದೆ ವಿದೂಷಕ. ವಯಸ್ಸಾಗಿ ಮೈ ಬಗ್ಗುವುದಿಲ್ಲ, ನೆಗೆತ ತಪ್ಪುತ್ತದೆ, ಜನ ಕೂಗಿ ಹಂಗಿಸುತ್ತಾರೆ. ಮಗಳು ನೋವಿನ ಎಣ್ಣೆ ತರಲು ಹೋದಾಗ ಅವನು ನಾಯಿಯೊಡನೆ ಹೊರಟುಹೋಗುತ್ತಾನೆ. ಮಗಳ ಮೇಲಿನ ಪ್ರೀತಿಗೇನೂ ಕೊರತೆಯಿರಲಿಲ್ಲ. ತನ್ನ ಅವಮಾನ ಅವಳಿಗೆ ತಟ್ಟಬಾರದು, ಅವಳು ಓದಬೇಕು ಎಂಬುದು ಅವನ ಲೆಕ್ಕ. ತಂದೆ ಬರುತ್ತಾನೆಂದು ಸಿಸಿ ಆ ಎಣ್ಣೆಯ ಸೀಸೆಯನ್ನು ವರ್ಷಗಟ್ಟಲೆ ಕಾಯ್ದಿಡುತ್ತಾಳೆ. ಅವನು ಮಾಡಿದ್ದು ಸರಿಯೇ? ಡಿಕನ್ಸ್ ತೀರ್ಪು ಕೊಡುವುದಿಲ್ಲ. ನನಗಂತೂ ಆ ತಂದೆಯನ್ನು ಸಂಪೂರ್ಣ ಕ್ಷಮಿಸಲಾಗುವುದಿಲ್ಲ.

ಇದು ದೂರದ ಇಂಗ್ಲೆಂಡಿನ ಮಾತಷ್ಟೇ ಅಲ್ಲ. ಆಟ ತೋರಿಸುತ್ತಾ ಊರೂರು ಅಲೆಯುವ ಬದುಕು ನಮ್ಮಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಬಹುರೂಪಿ ಚೌಡಯ್ಯ ಇದ್ದ, ಹಳ್ಳಿಗಳಲ್ಲಿ ದೊಂಬರಾಟವಿತ್ತು. ವಿಷ್ಣುಪಂತ್ ಛತ್ರೆ 1880ರಲ್ಲಿ ಮುಂಬಯಿಯಲ್ಲಿ ಸ್ವದೇಶಿ ಸರ್ಕಸ್ ಆರಂಭಿಸಿದರು. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಯುವಕರಿಗೆ ತರಬೇತಿ ಕೊಟ್ಟರು. ಆ ಊರು ಭಾರತೀಯ ಸರ್ಕಸ್ಸಿನ ತವರೆನಿಸಿತು. 1951ರಲ್ಲಿ ಜೆಮಿನಿ ಸರ್ಕಸ್ ಹುಟ್ಟಿತು. ಡೇರೆಯಲ್ಲೇ ಮದುವೆ, ಡೇರೆಯಲ್ಲೇ ಮಕ್ಕಳು. ಎಳೆಯ ಮೂಳೆ ಬೇಗ ಬಾಗುತ್ತದೆಂದು ಮಕ್ಕಳನ್ನು ಚಿಕ್ಕಂದಿನಲ್ಲೇ ಆಟಕ್ಕೆ ಹಚ್ಚುತ್ತಿದ್ದರು. ಸುಪ್ರೀಂ ಕೋರ್ಟ್ 2001ರಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳ ಪ್ರದರ್ಶನದ ನಿಷೇಧವನ್ನು ಎತ್ತಿಹಿಡಿಯಿತು. 2011ರಲ್ಲಿ ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸುವುದನ್ನು ತಡೆಯುವಂತೆ ಆದೇಶಿಸಿತು. ಮಗು ಅಂಗಳದಲ್ಲಿರಬೇಕೋ ಶಾಲೆಯಲ್ಲೋ ಎಂಬ ಜೂಪನ ಸಂಕಟಕ್ಕೆ ಕಾನೂನು ಹೀಗೆ ಉತ್ತರಿಸಿತು. ಉತ್ತರ ಸರಿಯಾದದ್ದೇ. ಆದರೆ ಬಿಡುಗಡೆಯಾದ ಮಗುವಿಗೆ ಗ್ರಾಡ್‌ಗ್ರೈಂಡನ ಶಾಲೆಯೇ ಸಿಕ್ಕರೆ?

ಕಥೆಯ ಕೊನೆ ಸೊಗಸಾಗಿದೆ. ಗ್ರಾಡ್‌ಗ್ರೈಂಡನ ಮಗನೇ ಬ್ಯಾಂಕಿನ ಹಣ ಕದ್ದು ಓಡುತ್ತಾನೆ. ಅವನಿಗೆ ಮುಖಕ್ಕೆ ಬಣ್ಣ ಬಳಿದು ಅಡಗಿಸಿಡುವವರು ಆ ಸರ್ಕಸ್ಸಿನವರೇ. ಹಿಡಿಯಲು ಬಂದವನು ಯಾರು ಬಲ್ಲಿರಾ? ಬಿಟ್ಜರ್! ರಾತ್ರಿ ಅವನನ್ನು ಕೂರಿಸಿದ ಗಾಡಿಯ ಸರ್ಕಸ್ ಕುದುರೆ ಮುಂದೆ ಹೋಗದೆ ಕುಣಿಯತೊಡಗುತ್ತದೆ; ನಾಯಿ ಅವನನ್ನು ಕೆಳಗಿಳಿಯಗೊಡುವುದಿಲ್ಲ. ನಲವತ್ತು ಹಲ್ಲು ಎಣಿಸಿದವನಿಗೆ ಕುದುರೆ ಕುಣಿಯಬಲ್ಲದೆಂದು ಗೊತ್ತಿರಲಿಲ್ಲ.

ಪರೀಕ್ಷೆಯ ಹೊತ್ತು, ಇಡೀ ಪುಸ್ತಕಕ್ಕೆ ಬಿಡುವಿಲ್ಲ ಎನ್ನುವವರು ಮೊದಲ ಭಾಗದ 6ನೆಯ ಅಧ್ಯಾಯವನ್ನೂ ಮೂರನೆಯ ಭಾಗದ 8ನೆಯ ಅಧ್ಯಾಯವನ್ನೂ ಓದಿ. ಜೂಪನ ನಾಯಿ ಮೆರಿಲೆಗ್ಸ್ ಏನಾಯಿತೆಂಬುದು ಆ ಎರಡನೆಯದರಲ್ಲಿದೆ. ಅದನ್ನು ನಾನು ಹೇಳುವುದಿಲ್ಲ.